ನೆವಾಡದ ಧೂಳು ಮತ್ತು ಇಳಿಯದ ಗಾಜು

ಕ್ಯಾಲಿಫೋರ್ನಿಯದ ಪಶ್ಚಿಮ ಸ್ಯಾಕ್ರಮೆಂಟೊದಲ್ಲಿ ಹೈವೇ 50 ಶುರುವಾಗುವ ಕಡೆ ಒಂದು ಹಸಿರು ಫಲಕವಿದೆ. ‘ಓಷನ್ ಸಿಟಿ, ಮೇರಿಲ್ಯಾಂಡ್ – 3073 ಮೈಲಿ’ ಎಂದು ಅದರ ಮೇಲೆ ಬರೆದಿದ್ದಾರೆ. ಕಿಲೋಮೀಟರಿನಲ್ಲಿ ಹೇಳಿದರೆ ಐದು ಸಾವಿರಕ್ಕೆ ಸ್ವಲ್ಪ ಕಡಿಮೆ. ಬಯಲು, ಬೆಟ್ಟ, ಮರುಭೂಮಿ, ಹೊಲಗಳನ್ನೆಲ್ಲ ಹಾದು ಅಟ್ಲಾಂಟಿಕ್ ಸಮುದ್ರದ ದಂಡೆಗೆ ಮುಟ್ಟುವ ರಸ್ತೆ ಅದು. ಪೂರ್ತಿ ಓಡಿಸುವ ಆಸೆಯೇನೂ ನಮಗಿರಲಿಲ್ಲ. ಅದರಲ್ಲಿ ನೆವಾಡ ರಾಜ್ಯದ ಪಾಲಿನಷ್ಟನ್ನು ನೋಡಿ, ಕೊನೆಯಲ್ಲಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ಮುದಿ ಮರಗಳನ್ನು ಕಂಡು ಬರೋಣವೆಂದು ಹೊರಟಿದ್ದೆವು.

ನೆವಾಡದ ಈ ಪಾಲಿಗೆ ಒಂದು ಬಿರುದು ಉಂಟು. 1986ರ ಜುಲೈನಲ್ಲಿ ‘ಲೈಫ್’ ಪತ್ರಿಕೆ ಇದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆಯಿತು. ನೋಡುವಂಥದ್ದು ಏನೂ ಇಲ್ಲ, ಬದುಕಿ ಬರುವ ಧೈರ್ಯ ಇದ್ದವರು ಮಾತ್ರ ಹೋಗಲಿ ಎಂಬ ಧಾಟಿಯ ಎಚ್ಚರಿಕೆಯೂ ಅದರ ಜೊತೆಗಿತ್ತು. ನೆವಾಡದವರು ಮುನಿಸಿಕೊಳ್ಳಲಿಲ್ಲ. ಬೈಗುಳವನ್ನೇ ಬೋರ್ಡು ಮಾಡಿ ರಸ್ತೆಯುದ್ದಕ್ಕೂ ನೆಟ್ಟರು. ಒಂದು ಪುಟ್ಟ ಪುಸ್ತಿಕೆ ಅಚ್ಚು ಹಾಕಿಸಿ, ಊರೂರಿನಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಂಡವರಿಗೆ ಬದುಕಿ ಬಂದ ಪ್ರಮಾಣಪತ್ರ ಕೊಡಲು ಶುರು ಮಾಡಿದರು. ಫ್ಯಾಲನ್‌ನಿಂದ ಆಸ್ಟಿನ್‌ಗೆ 110 ಮೈಲಿ, ಆಸ್ಟಿನ್‌ನಿಂದ ಯುರೀಕಾಕ್ಕೆ 70, ಅಲ್ಲಿಂದ ಈಲಿಗೆ 77. ನಡುವೆ ಪೆಟ್ರೋಲು, ನೀರು, ಮನುಷ್ಯ ಮೂರೂ ಅಪರೂಪ.

ಗಾಡಿ ಗೆಳೆಯನದು. ಅವನು ಚಿಂತಾಮಣಿಯ ಕಡೆಯವನು, ಸ್ಯಾಕ್ರಮೆಂಟೊದಲ್ಲಿ ಕೆಲಸ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ತಯಾರಾದ ಜಪಾನಿ ಎಸ್‌ಯುವಿಯೊಂದನ್ನು ಅವನು ಮಗುವಿಗಿಂತ ಹೆಚ್ಚಾಗಿ ಸಾಕುತ್ತಿದ್ದಾನೆಂದು ಅವನ ಹೆಂಡತಿಯ ದೂರು. ಚೌಕಾಕಾರದ ದೇಹ, ಎತ್ತರದ ಚಕ್ರ, ಏರಿನಲ್ಲಿ ನಿಧಾನ. ಹಿಂಬಾಗಿಲು ಮಾತ್ರ ವಿಶೇಷ. ಅದು ಮೇಲಕ್ಕೆ ಏಳುವುದಿಲ್ಲ, ಪಕ್ಕಕ್ಕೂ ತೆರೆಯುವುದಿಲ್ಲ. ಪಿಕಪ್ ಗಾಡಿಗಳಲ್ಲಿ ಇರುವ ಮಾದರಿಯದು, ಕೆಳಕ್ಕೆ ಮಡಚಿಕೊಳ್ಳುತ್ತದೆ. ಹಿಂದಿನ ದೊಡ್ಡ ಗಾಜು ಮೊದಲು ಆ ಬಾಗಿಲಿನ ಹೊಟ್ಟೆಯೊಳಕ್ಕೆ ಪೂರ್ತಿ ಇಳಿಯಬೇಕು, ಆಮೇಲೆ ಬಾಗಿಲು ತೆರೆಯಬೇಕು. ಗಾಜು ಇಳಿಯದಿದ್ದರೆ ಬಾಗಿಲೂ ಇಲ್ಲ. ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಗಾಜಿನ ಸಮೇತ ಬಾಗಿಲನ್ನು ಎಳೆದರೆ ಗಾಜು ಪುಡಿಯಾದೀತೆಂದು ಹಾಗೆ ಮಾಡಿದ್ದಾರೆ.

ಟಾಹೊ ಸರೋವರದ ಪೈನ್ ಕಾಡು ದಾಟಿ, ಕಾರ್ಸನ್ ಸಿಟಿ ಹಾದು, ಫ್ಯಾಲನ್‌ನಲ್ಲಿ ಟ್ಯಾಂಕು ತುಂಬಿಸಿದೆವು. ಅಮೆರಿಕದ ನೌಕಾಪಡೆಯ ‘ಟಾಪ್ ಗನ್’ ವಿಮಾನ ಶಾಲೆ 1996ರಲ್ಲಿ ಇಲ್ಲಿಗೆ ಬಂದು ನೆಲೆಸಿದೆ. ತಲೆಯ ಮೇಲೆ ಆಗಾಗ ಗುಡುಗು, ಮೋಡ ಮಾತ್ರ ಇಲ್ಲ. ಊರು ಮುಗಿಯುತ್ತಲೇ ನೆಲ ಬೆಳ್ಳಗಾಯಿತು. ರಸ್ತೆಯ ಎರಡೂ ಬದಿಗೆ ಕ್ಷಾರದ ಬಯಲು. ಹೋಗಿ ಬರುವವರು ಕಪ್ಪು ಕಲ್ಲುಗಳನ್ನು ಜೋಡಿಸಿ ಆ ಬಿಳಿ ನೆಲದ ಮೇಲೆ ತಮ್ಮ ಹೆಸರು, ಪ್ರೇಯಸಿಯ ಹೆಸರು, ಹುಟ್ಟಿದ ವರ್ಷ ಬರೆದಿಟ್ಟಿದ್ದಾರೆ. ಮೈಲಿಗಟ್ಟಲೆ ಓದಿಕೊಂಡು ಹೋಗಬಹುದು.

ಈ ಬಿಳುಪಿಗೆ ಕಾರಣ ನೀರು. ಗ್ರೇಟ್ ಬೇಸಿನ್ ಎನ್ನುವ ಈ ವಿಶಾಲ ಪ್ರದೇಶದಲ್ಲಿ ಬಿದ್ದ ಮಳೆ ಯಾವ ಸಮುದ್ರವನ್ನೂ ಸೇರುವುದಿಲ್ಲ. ಕಾರ್ಸನ್ ನದಿ ಕಾರ್ಸನ್ ಸಿಂಕ್ ಎಂಬ ತಗ್ಗಿನಲ್ಲಿ ಇಂಗಿ, ಆವಿಯಾಗಿ ಮುಗಿದುಹೋಗುತ್ತದೆ. ಹಂಬೋಲ್ಟ್ ನದಿಯ ಗತಿಯೂ ಅದೇ. ಹಿಮಯುಗದ ಕಾಲದಲ್ಲಿ ಇಲ್ಲಿ ಲಹೊಂಟನ್ ಎಂಬ ಮಹಾಸರೋವರವಿತ್ತು. ಅದು ಬತ್ತಿದಾಗ ಉಳಿದದ್ದು ಉಪ್ಪು, ಸೋಡಾ, ಹಿಟ್ಟಿಗಿಂತ ನುಣುಪಾದ ಮಣ್ಣು. ಒಣಗಿದ್ದಾಗ ಗಾಳಿಗೆ ಹಾರುತ್ತದೆ, ತುಸು ತೇವ ತಾಗಿದರೆ ಗಾರೆಯಾಗಿ ಗಟ್ಟಿಯಾಗುತ್ತದೆ, ತಾಮ್ರ ಕಂಡರೆ ಹಸಿರು ಕಿಲುಬು ಹಿಡಿಸುತ್ತದೆ.

ಫ್ಯಾಲನ್‌ನಿಂದ ಇಪ್ಪತ್ತೈದು ಮೈಲಿಯಷ್ಟು ದೂರದಲ್ಲಿ ಸ್ಯಾಂಡ್ ಮೌಂಟನ್ ಎಂಬ ಮರಳಿನ ಗುಡ್ಡವಿದೆ. ಸುಮಾರು 600 ಅಡಿ ಎತ್ತರ, ಎರಡು ಮೈಲಿ ಉದ್ದ. ಆ ಸತ್ತ ಸರೋವರದ ದಂಡೆಯ ಮರಳನ್ನೇ ಗಾಳಿ ಹೊತ್ತು ತಂದು ಬೆಟ್ಟಗಳ ಮೂಲೆಯಲ್ಲಿ ಸುರಿದು ಮಾಡಿದ ಗುಡ್ಡ. ಒಣ ಮರಳು ಜಾರಿದಾಗ ಅದು ಗುಂಯ್ಗುಡುತ್ತದೆ. ಅದನ್ನು ಕೇಳಲೆಂದು ಹೆದ್ದಾರಿ ಬಿಟ್ಟು ಮಣ್ಣಿನ ಹಾದಿಗೆ ಇಳಿದೆವು. ಗುಡ್ಡ ನಮಗೆ ಹಾಡಲಿಲ್ಲ. ಮೋಟಾರು ಬೈಕುಗಳ ಆರ್ಭಟದಲ್ಲಿ ಹಾಡಿದ್ದರೂ ಕೇಳುತ್ತಿರಲಿಲ್ಲ. ಧೂಳಂತೂ ಧಾರಾಳವಾಗಿ ಸಿಕ್ಕಿತು.

ಚೌಕಾಕಾರದ ಗಾಡಿಗಳು ಧೂಳಿನ ಹಾದಿಯಲ್ಲಿ ಮುಂದಕ್ಕಿಂತ ಹಿಂದೆಯೇ ಹೆಚ್ಚು ಕೊಳೆಯಾಗುತ್ತವೆ. ಮೊಂಡು ಬೆನ್ನಿನ ಗಾಡಿ ಗಾಳಿಯನ್ನು ಸೀಳಿಕೊಂಡು ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳನ್ನು ಆ ಜಾಗ ಹಿಂದಕ್ಕೆ ಎಳೆದುಕೊಂಡು ಗಾಜಿಗೆ, ಬಾಗಿಲಿಗೆ, ಸಂದುಗೊಂದುಗಳಿಗೆ ಮೆತ್ತುತ್ತದೆ. ಹಿಂಗಾಜು ಇಳಿಸಿಕೊಂಡು ಓಡಿಸಬೇಡಿ ಎಂದು ಕೈಪಿಡಿಗಳು ಎಚ್ಚರಿಸುವುದೂ ಇದೇ ಕಾರಣಕ್ಕೆ. ಸೈಲೆನ್ಸರಿನ ಹೊಗೆ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷ, ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಸಂಜೆ ಗುಡ್ಡದ ಬುಡದಲ್ಲಿ ಡೇರೆ ಹಾಕಲು ನಿಂತೆವು. ಗೆಳೆಯ ಹಿಂಬಾಗಿಲಿನ ಬೀಗಕ್ಕೆ ಕೀಲಿ ತೂರಿಸಿ ತಿರುಗಿಸಿದ. ಒಳಗೆಲ್ಲೋ ‘ಟಿಕ್’ ಎಂದಿತು, ಗಾಜು ಕದಲಲಿಲ್ಲ. ಮುಂದಿನ ಗುಂಡಿ ಒತ್ತಿದರೂ ಅಷ್ಟೇ. ಡೇರೆ, ಒಲೆ, ಅನ್ನದ ಪಾತ್ರೆ, ಸಾರಿನ ಪುಡಿ, ಅವನ ತಾಯಿ ಕಳಿಸಿದ್ದ ಕೋಡುಬಳೆಯ ಡಬ್ಬಿ ಎಲ್ಲವೂ ಹಿಂದೆ, ಹಲಗೆಪೆಟ್ಟಿಗೆಗಳ ಅಡಿಯಲ್ಲಿ. ಹಿಂದಿನ ಸೀಟಿನ ಮೇಲೆ ಬಾಗಿ ಕೈಗೆ ಸಿಕ್ಕಿದ್ದು ನೀರಿನ ಒಂದು ಕ್ಯಾನು ಮತ್ತು ಬ್ರೆಡ್ಡು.

ಬೈಕಿನ ಹುಡುಗರಿಬ್ಬರು ಬಂದು ಗಾಜಿಗೆ ಅಂಗೈ ಒತ್ತಿ ಕೆಳಗೆ ತಳ್ಳಿ ನೋಡಿದರು. ಒಬ್ಬ ಬಾಗಿಲಿನ ಮೇಲಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟೋಣವೆಂದ. ಗೆಳೆಯ ಬೇಡವೆಂದ. ಗಟ್ಟಿಗೊಳಿಸಿದ ಆ ಗಾಜಿನ ಅಂಚಿಗೆ ಒಂದು ಸಣ್ಣ ಏಟು ಬಿದ್ದರೂ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆಮೇಲೆ ಡೇರೆ ಸಿಕ್ಕೀತು, ಆದರೆ ಮುಂದಿನ ಮುನ್ನೂರು ಮೈಲಿ ಧೂಳನ್ನೂ ಹೊಗೆಯನ್ನೂ ಉಸಿರಾಡಬೇಕಾದೀತು.

ಈ ಬಗೆಯ ಬಾಗಿಲಿನ ಒಳಗಿನ ಆಡಳಿತ ನಮ್ಮ ತಾಲೂಕು ಕಚೇರಿಯದ್ದೇ. ಕೀಲಿ ತಿರುಗಿಸಿದವನು ಅರ್ಜಿದಾರ. ಆದರೆ ಹಿಂದಿನ ವೈಪರ್ ಗಾಜಿನ ಮೇಲಿಂದ ಸರಿದು ತನ್ನ ಜಾಗದಲ್ಲಿ ಕೂತಿದೆಯೆಂದು ಒಂದು ಸ್ವಿಚ್ಚು ಷರಾ ಬರೆಯಬೇಕು. ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿದೆಯೆಂದು ಇನ್ನೊಂದು ಸ್ವಿಚ್ಚು ಸಹಿ ಹಾಕಬೇಕು. ರಿಲೇ ಎಂಬ ಶಿರಸ್ತೇದಾರ ಅವನ್ನೆಲ್ಲ ನೋಡಿ ವಿದ್ಯುತ್ತನ್ನು ಬಿಡಬೇಕು. ಆ ವಿದ್ಯುತ್ತು ಗಾಡಿಯ ಮೈಯಿಂದ ಬಾಗಿಲಿನ ಮೈಗೆ ತಂತಿಕಟ್ಟಿನಲ್ಲಿ ದಾಟಿ ಮೋಟರು ಮುಟ್ಟಬೇಕು. ಯಾವ ಮೇಜಿನಲ್ಲಿ ಕಡತ ನಿಂತರೂ ಅರ್ಜಿದಾರನಿಗೆ ಕಾಣುವುದು ಒಂದೇ, ಗಾಜು ಇಳಿಯಲಿಲ್ಲ ಎನ್ನುವುದು. ಹೊರಗೆ ನಿಂತು ಬಾಗಿಲು ಗುದ್ದುವುದರಿಂದ ಕಡತ ಮುಂದೆ ಹೋಗುವುದಿಲ್ಲ. ಅದು ಯಾವ ಮೇಜಿನಲ್ಲಿದೆಯೆಂದು ಒಂದೊಂದಾಗಿ ವಿಚಾರಿಸಿಕೊಂಡು ಹೋಗಬೇಕು.

ಕತ್ತಲಾಗುವ ಹೊತ್ತಿಗೆ ವಿಚಾರಣೆ ಬಿಟ್ಟು ಹೊರಟೆವು. ಮಿಡಲ್‌ಗೇಟ್ ಎಂಬಲ್ಲಿ ಒಂದೇ ಒಂದು ಹಳೆಯ ಹೋಟೆಲು. ಅದರ ಒಳಮಾಡಿನ ತುಂಬ ಗಿರಾಕಿಗಳು ಹೆಸರು ಬರೆದು ಅಂಟಿಸಿದ ಡಾಲರ್ ನೋಟುಗಳು. ಕುದುರೆಯ ಮೇಲೆ ಅಂಚೆ ಸಾಗಿಸುತ್ತಿದ್ದ ಪೋನಿ ಎಕ್ಸ್‌ಪ್ರೆಸ್ ಇದೇ ಕಣಿವೆಗಳ ಮೂಲಕ ಓಡುತ್ತಿತ್ತು. 1860ರ ಏಪ್ರಿಲ್‌ನಲ್ಲಿ ಶುರುವಾಗಿ, ತಂತಿ ಸಂಪರ್ಕ ಬಂದೊಡನೆ 1861ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಒಂದೂವರೆ ವರ್ಷದ ಬಾಳು, ಒಂದೂವರೆ ಶತಮಾನ ಮೀರಿದ ಹೆಸರು. ಊಟ ಮುಗಿಸಿ ಅರವತ್ತು ಚಿಲ್ಲರೆ ಮೈಲಿ ಕತ್ತಲಲ್ಲಿ ಓಡಿಸಿ ಆಸ್ಟಿನ್ ಸೇರಿದೆವು. ಡೇರೆ ಬಾಗಿಲ ಹಿಂದೆ ಬಂದಿ, ಹಾಗಾಗಿ ಮೋಟೆಲೇ ಗತಿ.

ಬೆಳಿಗ್ಗೆ ಎದ್ದು ನೋಡಿದರೆ ಆಸ್ಟಿನ್ ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಊರು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಎತ್ತರ. 1862ರಲ್ಲಿ ಬೆಳ್ಳಿ ಸಿಕ್ಕಿ ಸಾವಿರಾರು ಜನ ಮುತ್ತಿದ್ದ ಜಾಗ. ಈಗ ಹತ್ತೊಂಬತ್ತನೆಯ ಶತಮಾನದ ಮೂರು ಚರ್ಚುಗಳಿವೆ, ತುಂಬಿಸುವಷ್ಟು ಜನ ಇಲ್ಲ. ಊರಿಗೆ ಒಂದು ಒಳ್ಳೆಯ ಕಥೆಯಿದೆ. 1864ರಲ್ಲಿ ರುಯೆಲ್ ಗ್ರಿಡ್ಲಿ ಎಂಬ ವ್ಯಾಪಾರಿ ಚುನಾವಣೆಯ ಪಂದ್ಯದಲ್ಲಿ ಸೋತು, ಷರತ್ತಿನಂತೆ 50 ಪೌಂಡಿನ ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿ ಬೀದಿಯುದ್ದಕ್ಕೂ ನಡೆದ. ಆಮೇಲೆ ಆ ಮೂಟೆಯನ್ನು ಹರಾಜು ಹಾಕಿದರು. ಕೊಂಡವನು ಅದನ್ನು ತಿರುಗಿ ಹರಾಜಿಗೇ ಕೊಟ್ಟ. ಊರೂರಿಗೆ ಹೊತ್ತು ಹರಾಜು ಹಾಕಿ ಹಾಕಿ, ಅಂತರ್ಯುದ್ಧದ ಗಾಯಾಳುಗಳ ನಿಧಿಗೆ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಅಂಥ ಊರಿನಲ್ಲಿ ಸಹಾಯ ಸಿಗದೆ ಇದ್ದೀತೆ?

ಸಿಕ್ಕಿತು. ಪಕ್ಕದ ಕೋಣೆಯಲ್ಲಿ ತಂಗಿದ್ದಾತ ದನದ ರ‍್ಯಾಂಚುಗಳಿಗೆ ಹೋಗಿ ಕೊಳವೆಬಾವಿಯ ಪಂಪು ರಿಪೇರಿ ಮಾಡುವವನು. ವಯಸ್ಸು ಎಪ್ಪತ್ತರ ಹತ್ತಿರ, ಮಾತು ಕಡಿಮೆ. ನಮ್ಮ ಅಹವಾಲು ಕೇಳಿ, ಗಾಜನ್ನು ಮುಟ್ಟಲೇ ಇಲ್ಲ. ಕೀಲಿ ತಿರುಗಿಸಲು ಹೇಳಿ ಬಾಗಿಲಿಗೆ ಕಿವಿಯಿಟ್ಟ. ‘ಟಿಕ್ ಅನ್ನುತ್ತಿದೆ. ಅಲ್ಲಿಯವರೆಗೆ ಎಲ್ಲ ಸರಿ, ಅಲ್ಲಿಂದ ಮುಂದೆ ನೋಡೋಣ’ ಎಂದ. ವೈಪರನ್ನು ಒಮ್ಮೆ ಓಡಿಸಿ, ತನ್ನ ಜಾಗಕ್ಕೆ ಬಂದು ಕೂತಿತೆಂದು ಖಾತರಿ ಮಾಡಿಕೊಂಡ. ಆ ಒಂದು ‘ಟಿಕ್’ನಿಂದ ಅರ್ಧ ಮೇಜುಗಳು ಚೊಕ್ಕವಾದವು.

ಬಾಗಿಲು ಮುಚ್ಚಿದ್ದಾಗ ಅದರ ಒಳಗನ್ನು ಬಿಚ್ಚುವುದು ಗಾಡಿಯ ಒಳಗಿನಿಂದಲೇ. ಹಿಂದಿನ ಸೀಟು ಮಡಚಿ, ಸಾಮಾನು ಮುಂದಕ್ಕೆ ಎಳೆದು, ಗೆಳೆಯ ತೆವಳಿಕೊಂಡು ಹೋದ. ರತ್ನಗಂಬಳಿ ಹೊದಿಸಿದ ಹಲಗೆಯ ಪ್ಲಾಸ್ಟಿಕ್ ಗುಬ್ಬಿಗಳನ್ನು ಮೀಟಿ ತೆಗೆದರೆ, ಅದರ ಹಿಂದೆ ತಗಡಿನ ಮುಚ್ಚಳ, ಅದಕ್ಕೆ ಸುತ್ತಲೂ ಬೋಲ್ಟುಗಳು. ಇಲ್ಲಿ ಹೊಸ ಪೇಚಾಟ. ರ‍್ಯಾಂಚಿನ ಪಂಪುಗಳೆಲ್ಲ ಇಂಚಿನ ಲೆಕ್ಕದವು, ಜಪಾನಿ ಗಾಡಿ ಮಿಲಿಮೀಟರಿನದು. ಆತನ ಪೆಟ್ಟಿಗೆಯ ಮೂರೆಂಟನೇ ಇಂಚಿನ ಸಾಕೆಟ್ಟು ಒಂಬತ್ತೂವರೆ ಮಿಲಿಮೀಟರು, ಕೂರುವುದಿಲ್ಲ. ಏಳು-ಹದಿನಾರನೇ ಇಂಚಿನದು ಹನ್ನೊಂದು, ಸುಮ್ಮನೆ ತಿರುಗುತ್ತದೆ. ಮೆಟ್ರಿಕ್ ಪದ್ಧತಿಗೆ ಹೋಗೋಣವೆಂದು ಅಮೆರಿಕ 1975ರಲ್ಲೇ ಕಾಯಿದೆ ಮಾಡಿತು, ಆದರೆ ಕಡ್ಡಾಯ ಮಾಡಲಿಲ್ಲ. ಅದರ ಫಲ ಇಂದಿಗೂ ಇಂಥ ಅಂಗಳಗಳಲ್ಲಿ ಕಾಣುತ್ತದೆ. ಕೊನೆಗೆ ಗಾಡಿಯ ಪಕ್ಕದ ಗೂಡಿನಲ್ಲಿ ಜಾಕಿನ ಜೊತೆ ಸುತ್ತಿಟ್ಟಿದ್ದ ಹತ್ತು ಮಿಲಿಮೀಟರಿನ ಸಾಕೆಟ್ಟೇ ಮಾನ ಕಾಯಿತು.

ಮುಚ್ಚಳ ಬಿಚ್ಚಿದಾಗ ಬಾಗಿಲಿನ ಅಂತರಂಗ ಕಂಡಿತು. ಗಾಜನ್ನು ಎತ್ತಿ ಇಳಿಸುವ ಕತ್ತರಿ ಆಕಾರದ ಉಕ್ಕಿನ ತೋಳುಗಳು, ಹಲ್ಲಿನ ಚಕ್ರ, ಅದಕ್ಕೊಂದು ಸ್ಪ್ರಿಂಗು, ಮೂಲೆಯಲ್ಲಿ ಮೋಟರು. ಎಲ್ಲದರ ಮೇಲೂ ಬಿಳಿ ಧೂಳು. ಮೋಟರಿಗೆ ಕೈಹಾಕಲು ಹೋದ ಗೆಳೆಯನನ್ನು ಆತ ತಡೆದ. ಗಾಜಿನ ಭಾರವನ್ನು ಸರಿದೂಗಿಸಲು ಆ ಸ್ಪ್ರಿಂಗು ಸದಾ ಬಿಗಿದುಕೊಂಡಿರುತ್ತದೆ. ತೋಳುಗಳನ್ನು ಕಟ್ಟಿಹಾಕದೆ ಮೋಟರು ಬಿಚ್ಚಿದರೆ ಅವು ಚಿಮ್ಮಿ ಬೆರಳು ಕತ್ತರಿಸಬಹುದು. ಬಿಚ್ಚುವ ಅಗತ್ಯವೂ ಇರಲಿಲ್ಲ. ಮೋಟರಿನ ಪ್ಲಗ್ಗು ಕಳಚಿ, ತಂತಿಯ ಕಡೆಯ ಬಾಯಿಗೆ ಟೆಸ್ಟ್ ಲ್ಯಾಂಪು ಹಿಡಿದು ಕೀಲಿ ತಿರುಗಿಸಿದೆವು. ದೀಪ ಹತ್ತಲಿಲ್ಲ. ಒಳಗಿನಿಂದ ತಂತಿಕಟ್ಟನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿದಾಗ ಒಮ್ಮೆ ಹತ್ತಿ ಆರಿತು.

‘ಸಿಕ್ಕಿತು’ ಎಂದ ಆತ. ರಿಲೇ ಬಿಟ್ಟ ವಿದ್ಯುತ್ತು ಮೋಟರು ಮುಟ್ಟುವ ಮೊದಲು, ಬಾಗಿಲು ಮಡಚುವ ಸಂದಿಯಲ್ಲಿ ತಂತಿ ತುಂಡಾಗಿತ್ತು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಆ ತಂತಿಕಟ್ಟು ಬಾಗುತ್ತದೆ, ನೆಟ್ಟಗಾಗುತ್ತದೆ. ಮೂವತ್ತು ವರ್ಷ ಬಾಗಿದ ತಾಮ್ರ ಪ್ಲಾಸ್ಟಿಕ್ಕಿನ ಒಳಗೇ ಎಳೆಎಳೆಯಾಗಿ ಮುರಿಯುತ್ತದೆ. ಹೊರಗಿನಿಂದ ತಂತಿ ಆರೋಗ್ಯವಾಗಿಯೇ ಕಾಣುತ್ತದೆ. ಸಮಸ್ಯೆ ಏನೆಂದರೆ ಆ ಸಂದಿಯನ್ನು ಮುಟ್ಟಲು ಬಾಗಿಲು ತೆರೆಯಬೇಕು, ಬಾಗಿಲು ತೆರೆಯಲು ಗಾಜು ಇಳಿಯಬೇಕು, ಗಾಜು ಇಳಿಯಲು ಆ ತಂತಿ ಬೇಕು.

ಈ ಸುತ್ತಿನಿಂದ ಹೊರಬರುವ ದಾರಿ ಸರಳ. ಇಂಥ ಮೋಟರಿಗೆ 12 ವೋಲ್ಟ್ ನೇರ ವಿದ್ಯುತ್ತು ಎಲ್ಲಿಂದ ಬಂದರೂ ಆದೀತು. ಕಚೇರಿಯ ಯಾವ ಸಹಿಯನ್ನೂ ಅದು ಕೇಳುವುದಿಲ್ಲ. ಆತ ತನ್ನ ಪಿಕಪ್ಪಿನಿಂದ ಸಣ್ಣ ಬ್ಯಾಟರಿಯೊಂದನ್ನು ತಂದು, ನಡುವೆ ಫ್ಯೂಸು ಹಾಕಿದ ಎರಡು ತಂತಿಗಳನ್ನು ಮೋಟರಿನ ಎರಡು ಕಡ್ಡಿಗಳಿಗೆ ಮುಟ್ಟಿಸಿದ. ಮೋಟರು ಗುರ್ ಎಂದು ಗಾಜನ್ನು ಇನ್ನಷ್ಟು ಮೇಲಕ್ಕೆ ಒತ್ತಿತು. ತಂತಿ ಅದಲು ಬದಲು ಮಾಡಿದ. ಗಾಜು ಕಿರುಗುಟ್ಟುತ್ತ ಇಳಿಯತೊಡಗಿ, ಕಾಲುಭಾಗದಲ್ಲಿ ನಿಂತಿತು. ಇಕ್ಕೆಲದ ರಬ್ಬರಿನ ಕಾಲುವೆಗಳಲ್ಲಿ ಧೂಳು ಗಟ್ಟಿಕಟ್ಟಿತ್ತು.

ಆಗ ಆತ ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಗೆಳೆಯ ಗಾಜನ್ನು ಮೇಲಿನಿಂದ ಅದುಮಲು ಕೈಯೆತ್ತಿದ್ದ. ಆತ ತಲೆಯಾಡಿಸಿ, ತಂತಿಗಳನ್ನು ತಿರುಗಾಮುರುಗಾ ಮಾಡಿ ಗಾಜನ್ನು ಅರ್ಧ ಇಂಚು ಮೇಲೆತ್ತಿದ. ಕಾಲುವೆಗೆ ಹಲ್ಲುಜ್ಜುವ ಬ್ರಷ್ಷಿನಿಂದ ಗೀಚಿ, ಸಿಲಿಕೋನ್ ಸ್ಪ್ರೇ ಹೊಡೆದು, ಮತ್ತೆ ಒಂದಿಂಚು ಇಳಿಸಿದ. ಪುನಃ ಮೇಲೆ, ಪುನಃ ಕೆಳಗೆ. ಸಿಕ್ಕಿಕೊಂಡ ಗಾಜನ್ನು ಮೇಲೆತ್ತಿ ಮೇಲೆತ್ತಿಯೇ ಆತ ಕೆಳಗಿಳಿಸಿದ. ಮಧ್ಯೆ ಮಧ್ಯೆ ಮೋಟರು ತಣ್ಣಗಾಗಲೆಂದು ಸುಮ್ಮನೆ ಕೂತು ಕಾಫಿ ಕುಡಿದ. ಗಾಜಿನ ಅಂಚು ಬಾಗಿಲಿನೊಳಗೆ ಮರೆಯಾದಾಗ ಚಿಲಕ ತಾನಾಗಿ ಸಡಿಲಿತು, ಹಿಂಬಾಗಿಲು ಕೆಳಗೆ ಮಡಚಿಕೊಂಡಿತು.

ಉಳಿದದ್ದು ಕೈಗೆಲಸ. ಸಂದಿಯ ರಬ್ಬರ್ ಕೊಳವೆಯನ್ನು ಸರಿಸಿದರೆ ದಪ್ಪ ತಂತಿಗಳಲ್ಲಿ ಒಂದು ತುಂಡಾಗಿತ್ತು, ಪಕ್ಕದ್ದು ಹಸಿರುಗಟ್ಟಿ ಕೊನೆಯುಸಿರಿನಲ್ಲಿತ್ತು. ಎರಡನ್ನೂ ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ನಡುವೆ ತೆಳು ಎಳೆಗಳ ಹೊಸ ತಂತಿಯನ್ನು ತುಸು ಸಡಿಲವಾಗಿ ಸೇರಿಸಿ, ಕ್ರಿಂಪ್ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ ಲೈಟರಿನಿಂದ ಬಿಸಿ ಮಾಡಿದೆವು. ಬೆಸುಗೆ ಏಕೆ ಹಾಕಲಿಲ್ಲವೆಂದು ಕೇಳಿದೆ. ಬೆಸುಗೆ ಹಾಕಿದ ಕಡೆ ತಂತಿ ಬಿರುಸಾಗುತ್ತದೆ, ಬಾಗುವ ಜಾಗದಲ್ಲಿ ಬಿರುಸು ಮುಗಿಯುವ ಅಂಚಿಗೇ ಮತ್ತೆ ಮುರಿಯುತ್ತದೆ ಎಂದ. ರಬ್ಬರಿನ ಕಾಲುವೆಗಳಿಗೆ ಸಿಲಿಕೋನು, ಉಕ್ಕಿನ ಹಲ್ಲುಗಳಿಗೆ ಬಿಳಿ ಗ್ರೀಸು. ರಬ್ಬರಿಗೆ ಎಣ್ಣೆ ಹಾಕಿದರೆ ಅದು ಉಬ್ಬಿ ಕೆಡುತ್ತದೆ, ಅಂಟಿನಿಂದ ಇನ್ನಷ್ಟು ಧೂಳು ಹಿಡಿಯುತ್ತದೆ.

ದುಡ್ಡು ಬೇಡವೆಂದ. ಬದಲಿಗೆ ನಮ್ಮ ಕಡೆ ಬಾವಿಗಳು ಎಷ್ಟು ಆಳವೆಂದು ಕೇಳಿದ. ಗೆಳೆಯ ತನ್ನ ಸೀಮೆಯ ಲೆಕ್ಕ ಒಪ್ಪಿಸಿದ. ಕೋಲಾರ, ಚಿಂತಾಮಣಿ ಕಡೆ ಸಾವಿರ ಅಡಿ ದಾಟಿ ಕೊರೆದರೂ ಧೂಳೇ ಬರುವ ಬಾವಿಗಳಿವೆ. ಪಂಪಿನವನು ನಂಬಲಿಲ್ಲ. ಮರುಭೂಮಿಯಲ್ಲಿ ಇರುವವನು ತಾನು ಎಂದ. ಅಲ್ಲಿ ಮಳೆ ಎಷ್ಟೆಂದು ಕೇಳಿ, ಉತ್ತರ ಕೇಳಿದ ಮೇಲೆ ಇನ್ನೂ ನಂಬಲಿಲ್ಲ. ಕೋಡುಬಳೆಯನ್ನು ಮಾತ್ರ ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

ಆಸ್ಟಿನ್ ಬಿಟ್ಟ ಮೇಲೆ ನಾನು ಆ ಬಾಗಿಲಿನ ಬಗ್ಗೆಯೇ ಯೋಚಿಸುತ್ತಿದ್ದೆ. ಹಿಂಬದಿಯನ್ನು ತೆರೆಯುವ ಬಗೆಯನ್ನು ಗಾಡಿ ತಯಾರಕರು ಎಷ್ಟೊಂದು ರೀತಿಯಲ್ಲಿ ಪ್ರಯೋಗಿಸಿದ್ದಾರೆ! 1963ರ ಜೀಪ್ ವ್ಯಾಗನೀರ್‌ನಲ್ಲೇ ಹಿಂಗಾಜು ಬಾಗಿಲಿನೊಳಗೆ ಇಳಿಯುತ್ತಿತ್ತು. 1966ರಲ್ಲಿ ಫೋರ್ಡ್ ಕೆಳಕ್ಕೂ ಮಡಚುವ, ಪಕ್ಕಕ್ಕೂ ತೆರೆಯುವ ಬಾಗಿಲನ್ನು ‘ಮ್ಯಾಜಿಕ್’ ಎಂದೇ ಕರೆದು ಮಾರಿತು. 1971ರಿಂದ ಕೆಲವು ವರ್ಷ ಜನರಲ್ ಮೋಟರ್ಸ್‌ನ ದೊಡ್ಡ ವ್ಯಾಗನ್ನುಗಳಲ್ಲಿ ಗಾಜು ಮಾಡಿನೊಳಕ್ಕೂ ಬಾಗಿಲು ನೆಲದಡಿಗೂ ಸರಿದು ಮಾಯವಾಗುತ್ತಿದ್ದವು. 1984ರಲ್ಲಿ ಬಂದ ಟೊಯೋಟ 4ರನ್ನರ್ ಇಳಿಯುವ ಹಿಂಗಾಜನ್ನು ಇವತ್ತಿನ ಮಾದರಿಯವರೆಗೂ ಬಿಟ್ಟಿಲ್ಲ. ಬೇರೆಯವರು ಗಾಜನ್ನಷ್ಟೇ ಮೇಲಕ್ಕೆ ಎತ್ತುವ ಸುಲಭದ ಹಾದಿ ಹಿಡಿದರು. ನಮ್ಮಲ್ಲಿ 2000ದ ದಶಕದಲ್ಲಿ ಬಂದ ಹೋಂಡಾ ಸಿಆರ್-ವಿಯಲ್ಲಿ ಇದ್ದದ್ದು ಅದೇ. ಉದ್ದನೆಯ ಮರದ ಹಲಗೆ ಸಾಗಿಸಲು, ನಾಯಿಗೆ ಗಾಳಿ ಬರಲು, ಬಾಗಿಲು ತೆರೆಯದೆ ತರಕಾರಿ ಚೀಲ ಇಡಲು ಮಾಡಿದ ಈ ಅನುಕೂಲಗಳಿಗೆಲ್ಲ ಬೆಲೆ ಒಂದೇ. ಅನುಕೂಲ ಹೆಚ್ಚಿದಷ್ಟೂ ಷರತ್ತು ಹೆಚ್ಚು, ಷರತ್ತು ಹೆಚ್ಚಿದಷ್ಟೂ ನಿಲ್ಲುವ ಜಾಗ ಹೆಚ್ಚು.

ಯುರೀಕಾದಲ್ಲಿ 1880ರ ಒಪೆರಾ ಹೌಸನ್ನು ನೋಡಿ, ಮುದ್ರೆ ಒತ್ತಿಸಿಕೊಂಡು ಈಲಿಗೆ ಹೋದೆವು. ಅಲ್ಲಿ ನಿಲ್ಲಲೇಬೇಕಾದ ಜಾಗವೊಂದಿದೆ, ನೆವಾಡ ನಾರ್ದರ್ನ್ ರೈಲ್ವೆಯ ಅಂಗಳ. ತಾಮ್ರದ ಗಣಿಗಾಗಿ 1905-06ರಲ್ಲಿ ಕಟ್ಟಿದ ಹಳಿ. ಗಣಿ ಕಂಪನಿ ಬಿಟ್ಟುಹೋದಾಗ ಕಚೇರಿ, ಉಪಕರಣ, ಎಂಜಿನುಗಳು ಇದ್ದಂತೆಯೇ ಊರಿಗೆ ಉಳಿದವು. 2006ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. ಸ್ಮಾರಕವೆಂದರೆ ಹಗ್ಗ ಕಟ್ಟಿ ದೂರದಿಂದ ತೋರಿಸುವಂಥದ್ದಲ್ಲ. ಬಾಲ್ಡ್‌ವಿನ್ ಕಾರ್ಖಾನೆ 1910ರಲ್ಲಿ ಮಾಡಿದ ನಲವತ್ತನೇ ನಂಬರಿನ ಉಗಿ ಎಂಜಿನ್ನಿನ ಮನೆಯಿದು. ಅದನ್ನು ನಡೆಸಿಕೊಂಡು ಬಂದಿರುವುದು ಇಲ್ಲಿನ ಹಳೆಯ ಲೇತುಗಳು, ಹಳೆಯ ಕ್ರೇನು. ಕೆಟ್ಟ ಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಇಲ್ಲೇ ಮಾಡಿಕೊಳ್ಳಬೇಕು.

ಉಗಿ ಎಂಜಿನ್ನುಗಳಿಗೆ ಅಮೆರಿಕದಲ್ಲಿ ಒಂದು ಕಾನೂನಿದೆ. 1472 ದಿನ ಕೆಲಸ ಮಾಡಿದ ಮೇಲೆ ಅಥವಾ 15 ವರ್ಷ ಕಳೆದ ಮೇಲೆ, ಯಾವುದು ಮೊದಲೋ ಆಗ, ಬಾಯ್ಲರನ್ನು ಪೂರ್ತಿ ಬಿಚ್ಚಿ, ಉಕ್ಕಿನ ದಪ್ಪ ಅಳೆದು, ಸರಿಯಿದ್ದರೆ ಮುಂದಕ್ಕೆ ಬಿಡಬೇಕು. ಹದಿನೈದು ವರ್ಷ ಎಂದಾಗ ನನಗೆ ಊರು ನೆನಪಾಯಿತು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಕಾನೂನು ಹೇಳುವುದು ಪರೀಕ್ಷೆ ಮಾಡಿಸಿ ಎಂದು, ಜನ ಕೇಳಿಸಿಕೊಳ್ಳುವುದು ಮಾರಿಬಿಡಿ ಎಂದು. ಗೆಳೆಯನ ಗಾಡಿಯನ್ನೂ ಕ್ಯಾಲಿಫೋರ್ನಿಯದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಗೆ ನಿಲ್ಲಿಸಬೇಕು. ಗೆದ್ದರೆ ವಯಸ್ಸನ್ನು ಯಾರೂ ಕೇಳುವುದಿಲ್ಲ. ಹೊಗೆ ಉಗುಳುವ ಗಾಡಿಯನ್ನು ರಸ್ತೆಯಿಂದ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆಯಬೇಕಾದದ್ದು ಹೊಗೆ ನೋಡಿ, ಹುಟ್ಟಿದ ದಿನಾಂಕ ನೋಡಿ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಬದುಕಿರುವುದೇ ಕೆಟ್ಟದ್ದನ್ನು ತಿರುಗಿ ನಡೆಸಬಹುದೆಂಬ ನಂಬಿಕೆಯ ಮೇಲೆ.

ಕೊನೆಯ ನಿಲ್ದಾಣ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನ. ರಸ್ತೆಗೆ ‘ಲೈಫ್’ ಪತ್ರಿಕೆ ಬಿರುದು ಕೊಟ್ಟ ವರ್ಷವೇ, 1986ರಲ್ಲಿ, ಇದು ಉದ್ಯಾನವಾಯಿತು. ಹದಿಮೂರು ಸಾವಿರ ಅಡಿ ಮೀರಿದ ವೀಲರ್ ಶಿಖರದ ಕೆಳಗೆ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ತಿರುಚಿಕೊಂಡ ಮೈ, ಅರ್ಧ ಸತ್ತು ಅರ್ಧ ಬದುಕಿದ ಕಾಂಡ. ಕೆಲವಕ್ಕೆ ಸಾವಿರಾರು ವರ್ಷ. ಇಲ್ಲಿ 1964ರಲ್ಲಿ ಡೊನಾಲ್ಡ್ ಕರ್ರಿ ಎಂಬ ಸಂಶೋಧನಾ ವಿದ್ಯಾರ್ಥಿ ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಂದು ಮರವನ್ನು ಕಡಿಸಿದ. ಉಂಗುರ ಎಣಿಸಿದಾಗ 4862 ಸಿಕ್ಕವು. ಆವರೆಗೆ ಲೆಕ್ಕಕ್ಕೆ ಸಿಕ್ಕಿದ್ದ ಮರಗಳಲ್ಲೆಲ್ಲ ಅದೇ ಹಿರಿಯದು. ಪ್ರೊಮೀಥಿಯಸ್ ಎಂದು ಅದರ ಹೆಸರು. ಏಕೆ ಕಡಿದರೆಂಬುದನ್ನು ಹಲವು ಬಗೆಯಲ್ಲಿ ಹೇಳುತ್ತಾರೆ. ಒಂದು ಬಗೆಯ ಪ್ರಕಾರ, ಮರದ ವಯಸ್ಸು ತಿಳಿಯಲು ಕೊರೆದ ಬೈರಿಗೆ ಒಳಗೇ ಸಿಕ್ಕಿಕೊಂಡಿತು. ಅದು ನಿಜವಿರಲಿ ಇಲ್ಲದಿರಲಿ, ಆ ಇಳಿಜಾರಿನಲ್ಲಿ ನಿಂತಾಗ ಆಸ್ಟಿನ್‌ನ ಮುದುಕ ಗಾಜನ್ನು ಅರ್ಧ ಇಂಚು ಮೇಲೆತ್ತಿದ್ದು ಕಣ್ಣಿಗೆ ಕಟ್ಟಿತು. ಸಿಕ್ಕಿಕೊಂಡದ್ದರ ಎದುರು ನಮಗೆ ಮೊದಲು ಹೊಳೆಯುವುದು ಬಲ. ಬಲ ಪ್ರಯೋಗಿಸಿದರೆ ಏನು ಸಿಕ್ಕಿಕೊಂಡಿತ್ತೆಂದು ತಿಳಿಯುವ ಅವಕಾಶವೂ ಅದರ ಜೊತೆಗೇ ಮುರಿದುಹೋಗುತ್ತದೆ.

ಹಳೆಯ ಗಾಡಿಯಲ್ಲಿ ದೂರ ಹೊರಡುವವರಿಗೆ ನನ್ನದು ಇಷ್ಟು ಮಾತು. ಹಿಂಬಾಗಿಲು ಕೈಕೊಟ್ಟರೆ ತಳ್ಳಬೇಡಿ, ಮೀಟಬೇಡಿ. ಮೊದಲು ಸದ್ದು ಕೇಳಿ. ಸದ್ದೇ ಇಲ್ಲವೆಂದರೆ ಫ್ಯೂಸು, ಸ್ವಿಚ್ಚು ನೋಡಿ. ಸದ್ದಿದ್ದು ಚಲನೆ ಇಲ್ಲದಿದ್ದರೆ ಬಾಗಿಲು ಮಡಚುವ ಸಂದಿಯ ತಂತಿಯನ್ನು ಶಂಕಿಸಿ. ಚಲಿಸಲು ಹೋಗಿ ನಿಂತರೆ ಕಾಲುವೆಯ ಧೂಳು ತೆಗೆಯಿರಿ. ಹೊರಡುವ ಮುನ್ನ ಒಮ್ಮೆ ಬ್ರಷ್ಷು ಆಡಿಸಿ ಸಿಲಿಕೋನ್ ಹೊಡೆದಿದ್ದರೆ ಇದ್ಯಾವುದೂ ಬೇಕಾಗುವುದಿಲ್ಲ. ಕುಡಿಯುವ ನೀರು, ಟಾರ್ಚು, ಟೆಸ್ಟ್ ಲ್ಯಾಂಪು, ಹತ್ತರ ಸಾಕೆಟ್ಟು ಇಷ್ಟನ್ನು ಮಾತ್ರ ಹಿಂದೆ ತುಂಬಬೇಡಿ, ಮುಂದಿನ ಸೀಟಿನ ಕೆಳಗೆ ಇಟ್ಟುಕೊಳ್ಳಿ.